36ಕ್ಕೆ ಸಾಫ್ಟ್‌ವೇರ್ ಕೆಲಸ ಬಿಟ್ಟು ಟೀಚರ್ ಆಗಬಹುದಾ?

ಪ್ರಶ್ನೆ: ನಮಸ್ಕಾರ ಸರ್. ನನಗೆ 36 ವರ್ಷ. ಊರು ತಿಪಟೂರು, ಇರೋದು ಬೆಂಗಳೂರಿನಲ್ಲಿ. ಬಿ.ಎಸ್ಸಿ.ಯಲ್ಲಿ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಓದಿ, ಆಮೇಲೆ ಎಂಸಿಎ ಮಾಡಿದೆ. 13 ವರ್ಷದಿಂದ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಕೈಗೆ ತಿಂಗಳಿಗೆ 1 ಲಕ್ಷದ 10 ಸಾವಿರ ಬರುತ್ತದೆ. ಮನೆ ಸಾಲದ ಕಂತು 32 ಸಾವಿರ, ಇನ್ನೂ 9 ವರ್ಷ ಕಟ್ಟಬೇಕು. ಗಂಡನಿಗೂ ಕೆಲಸ ಇದೆ. ಮಗ ಮೂರನೇ ಕ್ಲಾಸು. ಹೋದ ವರ್ಷ ನಮ್ಮ ಟೀಮಿನ ಅರ್ಧ ಜನರನ್ನು ಮನೆಗೆ ಕಳಿಸಿದರು. ಅಲ್ಲಿಂದ ಲ್ಯಾಪ್‌ಟಾಪ್ ತೆಗೆದರೆ ಸಾಕು, ಎದೆ ಢವಢವ ಅನ್ನುತ್ತದೆ. ಭಾನುವಾರ ನಮ್ಮ ಅಪಾರ್ಟ್‌ಮೆಂಟಿನ ಆರು ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಇಡೀ ವಾರದಲ್ಲಿ ನಾನು ಖುಷಿಯಾಗಿರೋದು ಆ ಎರಡು ಗಂಟೆ ಮಾತ್ರ. ಹೈಸ್ಕೂಲಿನಲ್ಲಿ ಗಣಿತದ ಟೀಚರ್ ಆಗಬೇಕು ಅಂತ ಆಸೆ. ಕೆಲಸ ಮಾಡುತ್ತಲೇ ದೂರಶಿಕ್ಷಣದಲ್ಲಿ ಬಿ.ಇಡಿ. ಮಾಡಬಹುದು ಅಂತ ಗೆಳತಿ ಹೇಳುತ್ತಾಳೆ. ನಮ್ಮತ್ತೆ, "ಹೆಣ್ಮಕ್ಕಳಿಗೆ ಟೀಚರ್ ಕೆಲಸವೇ ಸರಿ, ನಾಲ್ಕು ಗಂಟೆಗೆ ಮನೆಗೆ ಬರಬಹುದು, ಪೆನ್ಷನ್ನೂ ಬರುತ್ತೆ" ಅಂತಾರೆ. ನಮ್ಮಪ್ಪ ಮಾತ್ರ ಈ ವಿಷಯ ಎತ್ತಿದರೆ ಎದ್ದು ಹೋಗುತ್ತಾರೆ. ಈ ವಯಸ್ಸಿನಲ್ಲಿ ಇದು ಹುಚ್ಚುತನವಾ?

ಉತ್ತರ: ಹುಚ್ಚುತನ ಅಲ್ಲ. ನಾನು ಒಂಬತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿ, ಆಮೇಲೆ 21 ವರ್ಷ ಬಿ.ಇಡಿ. ಕಾಲೇಜಿನಲ್ಲಿ ಗಣಿತ ಬೋಧನೆಯ ಪಾಠ ಮಾಡಿದವನು. ಬೇರೆ ಕೆಲಸ ಬಿಟ್ಟು ಬಂದವರು ಪ್ರತಿ ಬ್ಯಾಚಿನಲ್ಲೂ ಮೂರು ನಾಲ್ಕು ಜನ ಇರುತ್ತಿದ್ದರು. ಬ್ಯಾಂಕಿನವರು, ಎಂಜಿನಿಯರುಗಳು, ಒಮ್ಮೆ ಔಷಧಿ ಕಂಪನಿಯ ರೆಪ್ರೆಸೆಂಟೇಟಿವ್ ಒಬ್ಬರು. ಕೆಲವರು ಈಗ ಒಳ್ಳೆಯ ಮೇಷ್ಟ್ರು. ಕೆಲವರು ಮೊದಲ ವರ್ಷವೇ ವಾಪಸ್ ಹೋದರು.

ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆ ಒಂದಕ್ಕೊಂದು ಅಂಟಿಕೊಂಡಿವೆ. ಈ ಕೆಲಸದಿಂದ ಪಾರಾಗೋದು ಹೇಗೆ ಅನ್ನೋದು ಒಂದು. ಪಾಠ ಮಾಡೋ ಕೆಲಸಕ್ಕೆ ಸೇರೋದು ಹೇಗೆ ಅನ್ನೋದು ಇನ್ನೊಂದು. ಎದೆ ಢವಢವಕ್ಕೆ ಬಿ.ಇಡಿ. ಔಷಧಿ ಅಲ್ಲ. ಅದಕ್ಕೆ ಡಾಕ್ಟರನ್ನು ನೋಡಿ, ಒಂದಷ್ಟು ದಿನ ರಜೆ ಹಾಕಿ, ಬೇಕಿದ್ದರೆ ಕಂಪನಿ ಬದಲಾಯಿಸಿ. "ಇನ್ನು ಹತ್ತು ವರ್ಷ ನಿನ್ನ ಕೆಲಸಕ್ಕೆ ಏನೂ ಆಗಲ್ಲ" ಅಂತ ನಾಳೆ ನಿಮ್ಮ ಮ್ಯಾನೇಜರ್ ಬರೆದುಕೊಟ್ಟರೂ ಶಾಲೆಗೆ ಹೋಗಬೇಕು ಅನ್ನಿಸುತ್ತದಾ? ಹೌದು ಅನ್ನೋದಾದರೆ ಮುಂದಿನದು ನಿಮಗಾಗಿ.

ಮೊದಲು ಗೆಳತಿಯ ಮಾತು. ದೂರಶಿಕ್ಷಣದ ಬಿ.ಇಡಿ. ಇದೆ, ನಿಜ. ಕೇಂದ್ರದ ಮುಕ್ತ ವಿಶ್ವವಿದ್ಯಾಲಯ ಇಗ್ನೋದಲ್ಲೂ ಇದೆ. ಆದರೆ ಅದು ಈಗಾಗಲೇ ಡಿ.ಇಡಿ.ಯಂಥ ಪ್ರಾಥಮಿಕ ಶಿಕ್ಷಕರ ತರಬೇತಿ ಪಡೆದ ಶಿಕ್ಷಕರಿಗೆ. ಸಾಫ್ಟ್‌ವೇರ್ ಕಂಪನಿಯಲ್ಲಿ ಇರುವವರಿಗೆ ಆ ಬಾಗಿಲು ಇಲ್ಲ. ನಿಮಗಿರೋದು ಕಾಲೇಜಿಗೆ ಹೋಗಿ ಓದುವ ಬಿ.ಇಡಿ. 2015ರಿಂದ ಅದು ಎರಡು ವರ್ಷ. ತರಗತಿಗೆ ಶೇ 80 ಹಾಜರಿ ಬೇಕು, ಶಾಲೆಯಲ್ಲಿ ಮಾಡುವ ಇಂಟರ್ನ್‌ಶಿಪ್‌ಗೆ ಶೇ 90. ಆ ಇಂಟರ್ನ್‌ಶಿಪ್ಪೇ ಎರಡೂ ವರ್ಷ ಸೇರಿ 20 ವಾರ. ಬೆಳಗ್ಗೆ ಆಫೀಸಿನ ಟೀಮ್ ಕಾಲ್ ಮುಗಿಸಿ ಹತ್ತೂವರೆಗೆ ಶಾಲೆಯಲ್ಲಿ ಇರೋದು ಆಗದ ಮಾತು.

ಇಲ್ಲಿ ನಿಮಗೆ ಇನ್ನೊಂದು ದಾರಿಯನ್ನೂ ಯಾರಾದರೂ ತೋರಿಸಿಯೇ ತೋರಿಸುತ್ತಾರೆ. "ದುಡ್ಡು ಕಟ್ಟಿ, ಪರೀಕ್ಷೆಗೆ ಮಾತ್ರ ಬನ್ನಿ, ಹಾಜರಿ ನಾವು ನೋಡಿಕೊಳ್ತೀವಿ." ಅದು ನಿಯಮಕ್ಕೆ ವಿರುದ್ಧ. ನೇಮಕಾತಿಯ ದಾಖಲೆ ಪರಿಶೀಲನೆಯಲ್ಲಿ, ಅದೇ ಎರಡು ವರ್ಷ ಬೇರೆ ಊರಿನ ಕಂಪನಿ ನಿಮ್ಮ ಪಿಎಫ್ ಕಟ್ಟಿದ್ದು ಕಂಡರೆ ಏನು ಉತ್ತರ ಕೊಡುತ್ತೀರಿ? ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ನಿಮಗೆ ಬೇಕಾಗಿರೋದು ಆ 20 ವಾರವೇ. ಅದನ್ನೇ ತಪ್ಪಿಸಿಕೊಂಡರೆ ಉಳಿಯೋದು ಕಾಗದ.

ಒಂದು ವರ್ಷದ ಬಿ.ಇಡಿ. ಮತ್ತೆ ಬರುತ್ತದೆ ಅನ್ನೋ ಮಾತನ್ನೂ ಕೇಳಿರುತ್ತೀರಿ. ಅದು ಸುಮ್ನೆ ಹಬ್ಬಿದ ಸುದ್ದಿ ಅಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೇ ಇದೆ, ನಾಲ್ಕು ವರ್ಷದ ಪದವಿ ಅಥವಾ ಸ್ನಾತಕೋತ್ತರ ಪದವಿ ಆದವರಿಗೆ. ನಿಮ್ಮದು ಎಂಸಿಎ ಆಗಿರೋದರಿಂದ ಸೀಟಿಗೆ ದುಡ್ಡು ಕಟ್ಟುವ ಮೊದಲು ಆ ಕೋರ್ಸು ನಿಮ್ಮ ಹತ್ತಿರ ಎಲ್ಲಾದರೂ ಇದೆಯಾ, ಅದಕ್ಕೆ ಶಿಕ್ಷಕರ ತರಬೇತಿ ಕೋರ್ಸುಗಳಿಗೆ ಒಪ್ಪಿಗೆ ಕೊಡುವ ಎನ್‌ಸಿಟಿಇಯ ಮಾನ್ಯತೆ ಸಿಕ್ಕಿದೆಯಾ ಅಂತ ವಿಚಾರಿಸಿ. ಅದನ್ನೇ ಕಾಯುತ್ತಾ ಮಾತ್ರ ಕೂರಬೇಡಿ.

ಇನ್ನು ನಿಮ್ಮ ಅತ್ತೆಯವರ ಮಾತು. ಅವರು ಹೇಳುವ ಪೆನ್ಷನ್ ಅವರ ಕಾಲದ ಟೀಚರುಗಳಿಗೆ ಬರುತ್ತಿತ್ತು. 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದ ರಾಜ್ಯ ಸರ್ಕಾರಿ ನೌಕರರು ಎನ್‌ಪಿಎಸ್‌ಗೆ, ಅಂದರೆ ಸಂಬಳದಲ್ಲಿ ಕಡಿತವಾಗಿ ಸೇರುವ ಹಣದ ಮೇಲೆ ನಿಂತ ಹೊಸ ಪಿಂಚಣಿಗೆ ಬಂದರು. ಆ ಹಳೇ ಪಿಂಚಣಿಯನ್ನು ನಂಬಿ ಲೆಕ್ಕ ಹಾಕುವಂತಿಲ್ಲ. ಖಾಸಗಿ ಶಾಲೆಯಲ್ಲಿ ಅದೂ ಇಲ್ಲ. ಅಲ್ಲಿ ನಿಮಗೆ ಸಿಗಬೇಕಾದದ್ದು ಪಿಎಫ್ ಮತ್ತು ಗ್ರಾಚ್ಯುಟಿ (ಕೆಲಸ ಬಿಡುವಾಗ ಒಟ್ಟಿಗೆ ಕೊಡುವ ಹಣ). ಶಿಕ್ಷಕರಿಗೆ ಗ್ರಾಚ್ಯುಟಿ ಇಲ್ಲ ಅಂತ ಕೆಲವು ಆಡಳಿತ ಮಂಡಳಿಗಳು ಈಗಲೂ ಹೇಳುತ್ತವೆ. ನಂಬಬೇಡಿ. ಗ್ರಾಚ್ಯುಟಿ ಕಾಯ್ದೆಯ 2009ರ ತಿದ್ದುಪಡಿ ಅದನ್ನು ಕೊಟ್ಟಿದೆ, 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ.

ನಾಲ್ಕು ಗಂಟೆಗೆ ಮನೆಗೆ ಬರಬಹುದು ಅನ್ನೋದು ಅರ್ಧ ನಿಜ. ನೀವು ಬರುತ್ತೀರಿ, ನಿಮ್ಮ ಜೊತೆ ನೋಟ್‌ಬುಕ್ಕುಗಳೂ ಬರುತ್ತವೆ. ನಾಲ್ಕು ಸೆಕ್ಷನ್, ಒಂದೊಂದರಲ್ಲಿ 45 ಮಕ್ಕಳು ಅಂದರೆ 180 ನೋಟ್‌ಬುಕ್. ಕಿರುಪರೀಕ್ಷೆ ಆದ ವಾರ 180 ಉತ್ತರ ಪತ್ರಿಕೆ. ಪಾಠ ಯೋಜನೆ ಬರೆಯಬೇಕು, ಅಂಕಗಳನ್ನು ಆನ್‌ಲೈನಿನಲ್ಲಿ ತುಂಬಬೇಕು. ಸರ್ಕಾರಿ ಶಾಲೆಯಾದರೆ ಬಿಸಿಯೂಟ, ಹಾಲು, ಮೊಟ್ಟೆ ಇವುಗಳ ಲೆಕ್ಕವೂ ಇರುತ್ತದೆ. ಜನಗಣತಿ, ಚುನಾವಣೆಗಳಿಗೆ ಶಿಕ್ಷಕರನ್ನು ಕರೆಯಲು ಕಾನೂನಿನಲ್ಲೇ ಅವಕಾಶ ಇದೆ. 2025ರ ದಸರಾ ರಜೆ ನೆನಪಿದೆಯಲ್ವಾ? ಮಕ್ಕಳಿಗೆ ರಜೆ, ಮೇಷ್ಟ್ರುಗಳು ಸಮೀಕ್ಷೆಗೆ ಮನೆ ಮನೆ ಸುತ್ತುತ್ತಿದ್ದರು. ಖಾಸಗಿಯಲ್ಲಿ ಇದಿಲ್ಲ. ಅದರ ಬದಲು ಬೇಸಿಗೆಯಲ್ಲಿ ಅಡ್ಮಿಷನ್‌ಗೆ ಮನೆ ಮನೆ ಸುತ್ತಿಸುವ ಶಾಲೆಗಳಿವೆ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ನಿಮ್ಮ ಆರು ಮಕ್ಕಳು.

ಅವರು ನಿಮ್ಮ ಮನೆಗೆ ಬರುವಾಗ ಹೊಟ್ಟೆ ತುಂಬಿರುತ್ತದೆ. ಪೆನ್ಸಿಲ್ ಇರುತ್ತದೆ. ಬರಲು ಇಷ್ಟ ಇಲ್ಲದವನು ಎರಡನೇ ವಾರವೇ ಬಿಟ್ಟಿರುತ್ತಾನೆ. ಉಳಿದವರಿಗೆ ಕಲಿಯುವ ಮನಸ್ಸಿದೆ. ಅಂಥವರಿಗೆ ಹೇಳಿಕೊಡೋದು ದೊಡ್ಡ ಖುಷಿ, ನನಗೂ ಗೊತ್ತು. ಆದರೆ ಶಾಲೆಯಲ್ಲಿ ನಿಮ್ಮ ಮುಂದೆ ಇರುವ 45 ಜನರಲ್ಲಿ ಎಲ್ಲರೂ ಹಾಗೆ ಬಂದವರಲ್ಲ. ಹತ್ತು ಜನಕ್ಕೆ ನೀವು ಹೇಳೋದು ಆಗಲೇ ಗೊತ್ತು. ಹತ್ತು ಜನಕ್ಕೆ ಐದನೇ ಕ್ಲಾಸಿನ ಲೆಕ್ಕವೇ ಗೊತ್ತಿಲ್ಲ. ಇಬ್ಬರು ಕಿಟಕಿ ಆಚೆ ನೋಡುತ್ತಾರೆ.

ಒಂದು ಸಣ್ಣ ಘಟನೆ ಹೇಳುತ್ತೇನೆ. ಎಂಟನೇ ತರಗತಿಯಲ್ಲಿ 1/2ಕ್ಕೆ 1/3 ಕೂಡಿಸಿ ಅಂದರೆ ಈಗಲೂ ಎಷ್ಟೋ ಮಕ್ಕಳು 2/5 ಅಂತ ಬರೆಯುತ್ತಾರೆ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು. ನಮ್ಮ ಕಾಲೇಜಿನ ವಿದ್ಯಾರ್ಥಿಯೊಬ್ಬರು, ಹಿಂದೆ ಎಂಜಿನಿಯರ್ ಆಗಿದ್ದವರು, ಪ್ರಾಕ್ಟೀಸ್ ಪಾಠದ ಮೊದಲ ದಿನವೇ ಇದನ್ನು ಕಂಡರು. ಅಚ್ಚುಕಟ್ಟಾಗಿ ಲ.ಸಾ.ಅ. ತೆಗೆದು ತೋರಿಸಿದರು. ಛೇದ ಆರು, ಮೇಲೆ ಮೂರಕ್ಕೆ ಎರಡು ಕೂಡಿದರೆ ಐದು, ಉತ್ತರ 5/6. "ಅರ್ಥ ಆಯ್ತಾ?" "ಆಯ್ತು ಸಾರ್." ಮಾರನೇ ದಿನ ಬೇರೆ ಲೆಕ್ಕ ಕೊಟ್ಟರೆ ಅದೇ ಮಕ್ಕಳು ಅದೇ ತಪ್ಪು ಮಾಡಿದರು. ಇವರು ಇನ್ನೂ ನಿಧಾನವಾಗಿ, ಇನ್ನೂ ಜೋರಾಗಿ ಅದನ್ನೇ ಹೇಳಿದರು. ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ.

ಆ ಶಾಲೆಯ ಗಣಿತದ ಮೇಡಂ ಒಳಗೆ ಬಂದು ಹಲಗೆ ನೋಡಿದರು. ಸೀಮೆಸುಣ್ಣ ಮುಟ್ಟಲೇ ಇಲ್ಲ. "ಬೆಳಗ್ಗೆ ನಾನು ಅರ್ಧ ರೊಟ್ಟಿ ತಿಂದೆ. ಸಾಲಲಿಲ್ಲ, ಇನ್ನೊಂದು ತುಂಡು ತಿಂದೆ. ಒಟ್ಟು ತಿಂದಿದ್ದು ಅರ್ಧಕ್ಕಿಂತ ಕಡಿಮೆ ಆಗುತ್ತಾ?" "ಇಲ್ಲ ಮಿಸ್." "ಹಾಗಾದರೆ 2/5 ಅನ್ನೋದು ಅರ್ಧಕ್ಕಿಂತ ಜಾಸ್ತಿನಾ, ಕಡಿಮೆನಾ?" ತರಗತಿ ಸುಮ್ಮನಾಯಿತು. ಆಮೇಲೆ ಒಬ್ಬ ಹುಡುಗಿ ತನ್ನ ನೋಟ್‌ಬುಕ್ಕನ್ನು ತಾನೇ ನೋಡಿಕೊಂಡು ನಕ್ಕಳು. ಅವಳ ಲೆಕ್ಕದಲ್ಲಿ ಇನ್ನೊಂದು ತುಂಡು ತಿಂದ ಮೇಲೆ ಒಟ್ಟು ತಿಂದದ್ದೇ ಕಡಿಮೆ ಆಗಿತ್ತು!

ಲ.ಸಾ.ಅ. ಇಬ್ಬರಿಗೂ ಗೊತ್ತಿತ್ತು. ಆ ಮಕ್ಕಳು 2/5 ಅನ್ನು ಒಂದು ಸಂಖ್ಯೆಯಾಗಿ ನೋಡುತ್ತಿಲ್ಲ, ಎರಡು ಬಿಡಿ ಅಂಕಿಗಳಾಗಿ ನೋಡುತ್ತಿದ್ದಾರೆ ಅನ್ನೋದು ಮೇಡಂಗೆ ಮಾತ್ರ ಗೊತ್ತಿತ್ತು. ಈ ಬಗೆಯ ತಿಳಿವಳಿಕೆ ಗಣಿತ ಓದಿದ್ದರಿಂದ ಬರಲ್ಲ. ಮಕ್ಕಳ ತಪ್ಪುಗಳನ್ನು ವರ್ಷಗಟ್ಟಲೆ ನೋಡಿ ಬರುತ್ತದೆ.

ನಿಮ್ಮ ಬಗ್ಗೆ ನನಗೆ ಆಸೆ ಹುಟ್ಟೋದು ಇಲ್ಲೇ. ನೀವು ಟೆಸ್ಟಿಂಗ್‌ನವರು. ಎಲ್ಲಾ ಸರಿಯಿದೆ ಅಂತ ಎಲ್ಲರೂ ಹೇಳುವಾಗ ಎಲ್ಲಿ ಒಡೆಯುತ್ತದೆ ಅಂತ ಹುಡುಕೋದು ನಿಮ್ಮ ಅಭ್ಯಾಸ. "ಆಯ್ತು ಸಾರ್" ಅನ್ನೋ ಮಾತನ್ನು ನಂಬದ ಗುಣ ಮೇಷ್ಟ್ರಿಗೆ ಬೇಕೇಬೇಕು. ಒಂದೇ ವ್ಯತ್ಯಾಸ, ಇಲ್ಲಿ ತಪ್ಪು ಹುಡುಕಿ ಬೇರೆಯವರ ಟೇಬಲ್ಲಿಗೆ ಕಳಿಸುವ ಹಾಗಿಲ್ಲ. ಸರಿ ಮಾಡಬೇಕಾದವರೂ ನೀವೇ. ಅದೂ ಮಗುವಿಗೆ ಅವಮಾನ ಆಗದ ಹಾಗೆ.

ಬೇರೆ ಕೆಲಸದಿಂದ ಬಂದವರು ಯಾಕೆ ವಾಪಸ್ ಹೋಗುತ್ತಾರೆ? ಎಲ್ಲರೂ ಸಂಬಳ ಅಂದುಕೊಳ್ಳುತ್ತಾರೆ. ಸಂಬಳ ಕಡಿಮೆ ಅಂತ ಗೊತ್ತಿದ್ದೇ ಬಂದಿರುತ್ತಾರೆ, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಿರುತ್ತಾರೆ. ನಾನು ಕಂಡಂತೆ ಹೆಚ್ಚಿನವರನ್ನು ಸೋಲಿಸಿದ್ದು ಬೇರೆ. ಆಫೀಸಿನ ಮೀಟಿಂಗಿನಲ್ಲಿ ಇವರ ಮಾತಿಗೆ ಬೆಲೆ ಇತ್ತು. ಶಾಲೆಯಲ್ಲಿ 26 ವರ್ಷದ ಹುಡುಗಿ ಇವರಿಗೆ ಸೀನಿಯರ್. ಅರ್ಧ ದಿನದ ರಜೆಗೆ ಹೆಡ್ ಮೇಡಂ ಮುಂದೆ ಚೀಟಿ ಹಿಡಿದು ನಿಲ್ಲಬೇಕು. ಯಾರದೋ ಅಪ್ಪ ಬಂದು ಎರಡು ಅಂಕಕ್ಕೆ ಜಗಳ ಆಡುತ್ತಾನೆ, ಆಡಳಿತದವರು ಅವನ ಪರ ನಿಲ್ಲುತ್ತಾರೆ. 13 ವರ್ಷದ ಅನುಭವ ಇಲ್ಲಿ ಸೊನ್ನೆಯಿಂದ ಶುರು. ಇದನ್ನು ನುಂಗಿಕೊಂಡವರು ಉಳಿದರು.

ಗಂಟಲಿನ ವಿಷಯವನ್ನೂ ಹೇಳಿಬಿಡುತ್ತೇನೆ, ಯಾರೂ ಹೇಳಲ್ಲ. ದಿನಕ್ಕೆ ಆರು ಪೀರಿಯಡ್ ನಿಂತು ಮಾತಾಡಿದರೆ ಮೊದಲ ಎರಡು ತಿಂಗಳು ಧ್ವನಿ ಕೂರುತ್ತದೆ.

ದಾರಿಗಳು ಯಾವುವು ಅಂತ ನೋಡೋಣ.

ಸರ್ಕಾರಿ ಶಾಲೆ ಮೊದಲು. ನಿಮಗೆ ಹೊಂದೋದು 6ರಿಂದ 8ನೇ ತರಗತಿಯ ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆ, ಇಲ್ಲವೇ 9, 10ನೇ ತರಗತಿಯ ಹೈಸ್ಕೂಲ್ ಸಹಶಿಕ್ಷಕರ ಹುದ್ದೆ. 1ರಿಂದ 5ನೇ ತರಗತಿಗೆ ಬಿ.ಇಡಿ. ನಡೆಯಲ್ಲ, 2023ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. 6ರಿಂದ 8ಕ್ಕೆ ಬಿ.ಇಡಿ. ಜೊತೆ ಟಿಇಟಿ ಅನ್ನೋ ಶಿಕ್ಷಕರ ಅರ್ಹತಾ ಪರೀಕ್ಷೆಯ ಎರಡನೇ ಪತ್ರಿಕೆ ಪಾಸಾಗಿರಬೇಕು. 150 ಪ್ರಶ್ನೆ, ಎರಡೂವರೆ ಗಂಟೆ, ಸಾಮಾನ್ಯ ವರ್ಗಕ್ಕೆ 90 ಅಂಕ. ಒಮ್ಮೆ ಪಾಸಾದರೆ ಜೀವನಪೂರ್ತಿ ನಡೆಯುತ್ತದೆ. ಆದರೆ ಟಿಇಟಿ ಪಾಸಾದರೆ ಕೆಲಸ ಸಿಕ್ಕಂತಲ್ಲ. ಅದು ಅರ್ಹತೆ ಅಷ್ಟೇ. ಆಮೇಲೆ ನೇಮಕಾತಿ ಪರೀಕ್ಷೆ ಬೇರೆ ಇದೆ, ಅದು ಪ್ರತಿ ವರ್ಷ ನಡೆಯಲ್ಲ. 2022ರಲ್ಲಿ 15,000 ಪದವೀಧರ ಶಿಕ್ಷಕರ ನೇಮಕಾತಿ ನಡೆಯಿತು. ಅದಕ್ಕೆ ಮುಂಚೆ ವರ್ಷಗಟ್ಟಲೆ ಕಾದವರು ನನ್ನ ವಿದ್ಯಾರ್ಥಿಗಳಲ್ಲೇ ಇದ್ದರು. ಪರೀಕ್ಷೆ ಆದ ಮೇಲೂ ಕೋರ್ಟು ಕೇಸು ಅಂತ ಎಳೆಯಿತು. ನಿಮ್ಮ ಬಿ.ಇಡಿ. ಮುಗಿಯುವಾಗ ವಯಸ್ಸು 39ರ ಆಸುಪಾಸು ಇರುತ್ತದೆ. ವಯೋಮಿತಿ ನಿಮ್ಮ ವರ್ಗದ ಮೇಲೆ ಹೋಗುತ್ತದೆ, ಆಗಿನ ಅಧಿಸೂಚನೆ ನೋಡಬೇಕು. ಬಂದರೆ ಬರೆಯಿರಿ, ಖಂಡಿತ. ಆದರೆ ಮನೆ ಕಂತನ್ನು ಸರ್ಕಾರಿ ಕೆಲಸದ ಭರವಸೆ ಮೇಲೆ ನಿಲ್ಲಿಸಬೇಡಿ.

ಇನ್ನೊಂದು ಮಾತು. ಇಲ್ಲಿ ನಿಮ್ಮ ಎಂಸಿಎ ಲೆಕ್ಕಕ್ಕೆ ಬರಲ್ಲ, ಬಿ.ಎಸ್ಸಿ.ಯಲ್ಲಿ ಓದಿದ ವಿಷಯ ಲೆಕ್ಕಕ್ಕೆ ಬರುತ್ತದೆ. ನಿಮ್ಮದು ಪಿಸಿಎಂ, ಗಣಿತಕ್ಕೆ ಸರಿಹೋಗುತ್ತದೆ. ಮೂರೂ ವರ್ಷದ ಅಂಕಪಟ್ಟಿಗಳು ಕೈಯಲ್ಲಿವೆಯಾ ಈಗಲೇ ನೋಡಿಕೊಳ್ಳಿ. ಬಿ.ಇಡಿ. ಸೀಟಿಗೆ ಪದವಿಯಲ್ಲಿ ಅಥವಾ ಸ್ನಾತಕೋತ್ತರದಲ್ಲಿ ಶೇ 50 ಬೇಕು, ಮೀಸಲಾತಿ ಇದ್ದರೆ ರಿಯಾಯಿತಿ ಇದೆ.

ಅತಿಥಿ ಶಿಕ್ಷಕಿ ಆಗೋದು ಇನ್ನೊಂದು ದಾರಿ. ಗೌರವಧನ ತಿಂಗಳಿಗೆ ಹತ್ತು ಹನ್ನೆರಡು ಸಾವಿರದ ಆಸುಪಾಸು, ವರ್ಷ ಮುಗಿದರೆ ಕೆಲಸವೂ ಮುಗಿಯಿತು. ಅನುಭವಕ್ಕೆ ಒಳ್ಳೆಯದು, ಬದುಕಿಗೆ ಸಾಲಲ್ಲ.

ಹೆಚ್ಚಿನವರಂತೆ ನೀವೂ ಹೋಗಿ ಸೇರೋದು ಖಾಸಗಿ ಶಾಲೆಗೇ. ತಿಪಟೂರಿನಂಥ ಊರಿನಲ್ಲಿ 15ರಿಂದ 20 ಸಾವಿರಕ್ಕೆ ಶುರುವಾಗೋದನ್ನು ನೋಡಿದ್ದೇನೆ. ಬೆಂಗಳೂರಿನ ಮಧ್ಯಮ ಮಟ್ಟದ ಸಿಬಿಎಸ್‌ಇ ಶಾಲೆಯಲ್ಲಿ 25ರಿಂದ 40. ಬಿ.ಇಡಿ. ಇಲ್ಲದೆಯೂ ತೆಗೆದುಕೊಳ್ಳುವ ಶಾಲೆಗಳಿವೆ. ಆದರೆ ಸಂಬಳ ಕಡಿಮೆ ಮಾಡಲು ಅದೇ ನೆಪ, ತಪಾಸಣೆ ಬಂದಾಗ ಮೊದಲು ಹೊರಗೆ ಹೋಗೋರೂ ಅವರೇ. ನಿಮಗೆ ಇನ್ನೊಂದು ಬಲೆಯೂ ಇದೆ. ಎಂಸಿಎ ನೋಡಿದ ತಕ್ಷಣ "ಕಂಪ್ಯೂಟರ್ ಟೀಚರ್ ಆಗಿ" ಅಂತಾರೆ. ಆಮೇಲೆ ಶಾಲೆಯ ವೆಬ್‌ಸೈಟು, ಪ್ರಿಂಟರು, ಪ್ರೊಜೆಕ್ಟರು ಎಲ್ಲಾ ನಿಮ್ಮ ತಲೆಗೆ. ಗಣಿತದ ಪೀರಿಯಡ್ ಕೊನೆಗೂ ಸಿಗಲ್ಲ. ಸೇರುವಾಗಲೇ ಟೈಮ್‌ಟೇಬಲ್ ಕೇಳಿ.

ಇನ್ನೂ ಕೆಲವು ಕೇಳಬೇಕು, ಸಂಕೋಚ ಬೇಡ. ನೇಮಕಾತಿ ಪತ್ರ ಕೊಡುತ್ತೀರಾ? ಏಪ್ರಿಲ್, ಮೇ ಸಂಬಳ ಇದೆಯಾ, ಹತ್ತೇ ತಿಂಗಳದ್ದಾ? ಪಿಎಫ್ ಕಟ್ಟುತ್ತೀರಾ? ಮೂಲ ಅಂಕಪಟ್ಟಿಗಳನ್ನು ಇಟ್ಟುಕೊಳ್ಳುತ್ತೇವೆ ಅಂದರೆ ಎದ್ದು ಬನ್ನಿ. ನನ್ನ ಹಳೇ ವಿದ್ಯಾರ್ಥಿನಿಯೊಬ್ಬಳ ಬಿ.ಎಸ್ಸಿ. ಅಂಕಪಟ್ಟಿ ಹಾಗೆ ಸಿಕ್ಕಿಕೊಂಡು, ವಾಪಸ್ ಪಡೆಯಲು ಒಂದು ವರ್ಷ ಅಲೆದಳು. ಒಂದು ಮೊತ್ತಕ್ಕೆ ಸಹಿ ಹಾಕಿಸಿ ಕೈಗೆ ಇನ್ನೊಂದು ಮೊತ್ತ ಕೊಡುವ ಶಾಲೆಗಳನ್ನೂ ಕಂಡಿದ್ದೇನೆ.

ಸಂಬಳದ ಕೊರತೆಯನ್ನು ಟ್ಯೂಷನ್ನಿನಲ್ಲಿ ತುಂಬಿಕೊಳ್ಳೋಣ ಅಂತ ಮನಸ್ಸಿನಲ್ಲಿದ್ದರೆ, ಅದೂ ಕಷ್ಟ. ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡಬಾರದು ಅನ್ನುತ್ತದೆ. ಎಷ್ಟೋ ಜನ ಮಾಡುತ್ತಾರೆ, ಅದು ಬೇರೆ ಮಾತು. ನೀವು ಅದನ್ನು ಆದಾಯದ ಲೆಕ್ಕದಲ್ಲಿ ಸೇರಿಸಬೇಡಿ.

ಬಿಸಿಎ ಕಾಲೇಜಿನಲ್ಲಿ ಪಾಠ ಮಾಡಬಹುದು ಅಂತಲೂ ಕೆಲವರು ಹೇಳುತ್ತಾರೆ. ಅದಕ್ಕೆ ಬಿ.ಇಡಿ. ಬೇಡ, ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆಗಳಾದ ನೆಟ್ ಅಥವಾ ಕೆಸೆಟ್ ಬೇಕು. ಕೆಲಸ ಮಾಡುತ್ತಲೇ ಓದಿ ಬರೆಯಬಹುದು. ದುಡ್ಡಿನ ಲೆಕ್ಕದಲ್ಲಿ ನಿಮಗೆ ಅತಿ ಕಡಿಮೆ ನಷ್ಟದ ದಾರಿ ಅದೇ. ಆದರೆ ನೀವು ಬರೆದಿರೋದು ಹೈಸ್ಕೂಲ್ ಗಣಿತದ ಬಗ್ಗೆ. 19 ವರ್ಷದವರಿಗೆ ಜಾವಾ ಹೇಳೋದು ನಿಮ್ಮ ಭಾನುವಾರದ ಎರಡು ಗಂಟೆಗೆ ಸಮ ಆಗುತ್ತದಾ, ನೀವೇ ನೋಡಿ.

ಈಗ ಲೆಕ್ಕ. ನಿಜವಾದ ಖರ್ಚು ಬಿ.ಇಡಿ. ಫೀಸು ಅಲ್ಲ. ಎರಡು ವರ್ಷ ಸಂಬಳ ಇಲ್ಲ ಅಂದರೆ 26 ಲಕ್ಷದ 40 ಸಾವಿರ ಬರೋದು ನಿಲ್ಲುತ್ತದೆ. ಆ ಎರಡು ವರ್ಷದ ಕಂತೇ 7 ಲಕ್ಷದ 68 ಸಾವಿರ. ಇದಲ್ಲದೆ ಕಂಪನಿ ಕೊಟ್ಟ ಆರೋಗ್ಯ ವಿಮೆ ಹೋಗುತ್ತದೆ. ಗಂಡನ ವಿಮೆಯಲ್ಲಿ ನೀವು, ಮಗ ಇದ್ದೀರಾ ನೋಡಿ. ನಾನಾದರೆ ಹೀಗೆ ಮಾಡುತ್ತೇನೆ: ಇವತ್ತಿನಿಂದ ಆರು ತಿಂಗಳು ಗಂಡನ ಸಂಬಳ ಮತ್ತು ನಿಮ್ಮದರಲ್ಲಿ 25 ಸಾವಿರ, ಇಷ್ಟರಲ್ಲೇ ಮನೆ ನಡೆಸಿ. ಕಂತೂ ಅದರಲ್ಲೇ. ಉಳಿದ 85 ಸಾವಿರವನ್ನು ಮುಟ್ಟಬೇಡಿ. ಆರು ತಿಂಗಳಿಗೆ 5 ಲಕ್ಷ ಚಿಲ್ಲರೆ ಉಳಿಯುತ್ತದೆ, ಟೀಚರ್ ಸಂಬಳದಲ್ಲಿ ಮನೆ ಹೇಗಿರುತ್ತದೆ ಅಂತಲೂ ಗೊತ್ತಾಗುತ್ತದೆ. ಮೂರನೇ ತಿಂಗಳಿಗೇ ಮನೆಯಲ್ಲಿ ಜಗಳ ಶುರುವಾದರೆ ಸಾಲ ಒಂದಷ್ಟು ಇಳಿಯುವವರೆಗೆ ಮೂರು ನಾಲ್ಕು ವರ್ಷ ತಡೆಯಿರಿ. ಖಾಸಗಿ ಶಾಲೆಗಳು 40 ಆದವರನ್ನೂ ತೆಗೆದುಕೊಳ್ಳುತ್ತವೆ, ಗಣಿತದವರಿಗೆ ಬೇಡಿಕೆ ಇದ್ದೇ ಇದೆ. ನಿಮ್ಮಪ್ಪ ಎದ್ದು ಹೋಗೋದು ಬಹುಶಃ ಇದೇ ದುಡ್ಡಿನ ಭಯಕ್ಕೆ. ಅವರ ಜೊತೆ ವಾದ ಬೇಡ. ಆರು ತಿಂಗಳ ಮೇಲೆ ಬ್ಯಾಂಕ್ ಪಾಸ್‌ಬುಕ್ ಮುಂದಿಡಿ.

ಆ ಆರು ತಿಂಗಳಲ್ಲೇ ಇನ್ನೊಂದು ಕೆಲಸವನ್ನೂ ಮಾಡಿ. ಮನೆ ಹತ್ತಿರದ ಸರ್ಕಾರಿ ಹೈಸ್ಕೂಲಿಗೆ ಹೋಗಿ ಹೆಡ್ ಮೇಷ್ಟ್ರನ್ನು ಭೇಟಿ ಮಾಡಿ. ಎರಡು ವಾರ ರಜೆ ಹಾಕಿ ಬರುತ್ತೇನೆ, ಎಂಟನೇ ಕ್ಲಾಸಿಗೆ ಗಣಿತ ಮಾಡಲು ಬಿಡಿ ಅಂತ ಕೇಳಿ. ಗಣಿತದ ಮೇಷ್ಟ್ರು ಕಡಿಮೆ ಇರುವ ಶಾಲೆ ಸಿಕ್ಕರೆ ಬೇಡ ಅನ್ನಲ್ಲ. ಮೊದಲ ಮೂರು ದಿನ ಹಿಂದೆ ಕೂತು ಅಲ್ಲಿಯ ಟೀಚರ್ ಪಾಠ ನೋಡಿ. ಆಮೇಲೆ ನೀವು ಮಾಡಿ. ಬೆಳಗ್ಗೆಯ ಪೀರಿಯಡ್ ಕೊಡುತ್ತೇನೆ ಅಂದರೆ ಬೇಡ ಅನ್ನಿ. ಊಟ ಆದ ಮೇಲಿನದು ಕೇಳಿ, ಮಕ್ಕಳಿಗೆ ನಿದ್ದೆ ಬರುವ ಹೊತ್ತಿನದು. ಎರಡನೇ ಶನಿವಾರ ಮನೆಗೆ ಬರುವಾಗ, 2/5 ಅಂತ ಬರೆದ ಯಾವುದಾದರೂ ಮಗುವಿನ ಹೆಸರು ನಿಮ್ಮ ಬಾಯಲ್ಲಿ ಇರುತ್ತದಾ ಅಂತ ನೋಡಿಕೊಳ್ಳಿ. ಇದ್ದರೆ ನನಗೆ ಇನ್ನೊಂದು ಪತ್ರ ಬರೆಯಿರಿ, ಬಿ.ಇಡಿ. ಅರ್ಜಿ ತುಂಬೋದು ಹೇಗೆ ಅಂತ ಹೇಳುತ್ತೇನೆ.